ನಿಯಮ ಮೀರಿ ಗಾಡಿ ಓಡಿಸಿ ಸಿಕ್ಕಿಬಿದ್ದ ಆಟಗಾರರ ಮೇಲೆ ಕ್ಲಬ್ ಶಿಸ್ತುಕ್ರಮ ಕೈಗೊಳ್ಳುವುದು ಹೇಗೆ

ತಂಡದ ಆಟಗಾರ ಕುಡಿದು ಕಾರು ಓಡಿಸಿ ಠಾಣೆಯಲ್ಲಿ ಕೂತಿದ್ದಾನೆ ಎಂದು ಬೆಳಗಿನ ಜಾವ ಫೋನ್ ಬಂದ ಮೇಲೆ ನಿಯಮ ಹುಡುಕಲು ಹೊರಡುವ ಕ್ಲಬ್ ತಪ್ಪು ತೀರ್ಮಾನವನ್ನೇ ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು. ಅಷ್ಟು ಹೊತ್ತಿಗೆ ಆ ಆಟಗಾರನ ಹೆಸರು ಎಲ್ಲರಿಗೂ ಗೊತ್ತಾಗಿರುತ್ತದೆ. ಗೋಲು ಹೊಡೆಯುವವನಾದರೆ ಕೈ ಸಡಿಲವಾಗುತ್ತದೆ, ಬೆಂಚಿನಲ್ಲಿ ಕೂರುವವನಾದರೆ ಬಿಗಿಯಾಗುತ್ತದೆ. ಹಾಗಾಗಿ ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಸೀಸನ್ ಶುರುವಾಗುವ ಮೊದಲೇ ಬರೆದು ಎಲ್ಲರ ಸಹಿ ಪಡೆದಿರಬೇಕು.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ಕ್ಲಬ್‌ನ ಪ್ರಕರಣವನ್ನು ಪ್ರತಿ ಕ್ಲಬ್‌ನ ಕಾರ್ಯದರ್ಶಿಯೂ ಓದಬೇಕು. 2019ರ ಸೆಪ್ಟೆಂಬರ್ 24ರ ರಾತ್ರಿ ತಂಡದ ಕೂಟ ಮುಗಿಸಿ ಹೊರಟ ಇಬ್ಬರು ಆಟಗಾರರ ಕಾರುಗಳು ಅಪಘಾತಕ್ಕೀಡಾದವು. ಒಂದು ಕಾರಿನಲ್ಲಿ ಪ್ರಯಾಣಿಕನಾಗಿದ್ದ ತಂಡದ ನಾಯಕ ರಿಚರ್ಡ್ ಕಿಯೋ ಅವರ ಮೊಣಕಾಲಿಗೆ ಗಂಭೀರ ಪೆಟ್ಟಾಯಿತು. ಕುಡಿದು ಓಡಿಸಿದ್ದನ್ನು ಇಬ್ಬರು ಚಾಲಕರೂ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಕ್ಲಬ್ ಅವರಿಗೆ ಆರು ವಾರದ ಸಂಬಳವನ್ನು ದಂಡವಾಗಿ ಹಾಕಿ ತಂಡದಲ್ಲೇ ಉಳಿಸಿಕೊಂಡಿತು. ಸ್ಟೀರಿಂಗ್ ಮುಟ್ಟದ ಕಿಯೋ ಮಾತ್ರ ಬಹುಕಾಲ ಆಡಲಾಗದ ಸ್ಥಿತಿಯಲ್ಲಿದ್ದರು. ಕಡಿಮೆ ಸಂಬಳಕ್ಕೆ ಅವರು ಒಪ್ಪದಿದ್ದಾಗ ಗಂಭೀರ ದುರ್ನಡತೆಯ ಹೆಸರಲ್ಲಿ ಅವರನ್ನು ಕ್ಲಬ್ ವಜಾ ಮಾಡಿತು. ವ್ಯಾಜ್ಯ ಕಿಯೋ ಪರವಾಗಿ ಇತ್ಯರ್ಥವಾಯಿತು. ಒಪ್ಪಂದದ ಉಳಿದ ಅವಧಿಗೆಂದು ಸುಮಾರು 23 ಲಕ್ಷ ಪೌಂಡ್ ಕೊಡಬೇಕೆಂದು ತೀರ್ಪು ಬಂತು. ಕ್ಲಬ್‌ನ ಮೇಲ್ಮನವಿಯೂ ಬಿದ್ದುಹೋಯಿತು. ಒಂದೇ ರಾತ್ರಿಯ ಘಟನೆಗೆ ಎರಡು ಅಳತೆಗೋಲು ಹಿಡಿದರೆ ಯಾವ ವಕೀಲರೂ ಕ್ಲಬ್‌ಅನ್ನು ಉಳಿಸಲಾರರು.

ಒಪ್ಪಂದದಲ್ಲಿ ಇರಬೇಕಾದ್ದು

ಮೊದಲನೆಯದು, ತಿಳಿಸುವ ಹೊಣೆ. ಬಂಧನ, ಪೊಲೀಸ್ ಕೇಸು, ಲೈಸೆನ್ಸ್ ಅಮಾನತು, ನ್ಯಾಯಾಲಯದ ದಿನಾಂಕ, ಇವುಗಳಲ್ಲಿ ಯಾವುದೇ ಆದರೂ 24 ಗಂಟೆಯೊಳಗೆ ಕ್ಲಬ್‌ನ ನಿಗದಿತ ಒಬ್ಬ ವ್ಯಕ್ತಿಗೆ ತಿಳಿಸಬೇಕು. ತಿಳಿಸದೆ ಇರುವುದೇ ಬೇರೆ ತಪ್ಪು, ಅದಕ್ಕೆ ಬೇರೆ ಶಿಕ್ಷೆ. ಎರಡನೆಯದು, ಲೈಸೆನ್ಸ್ ಮತ್ತು ವಿಮೆಯ ತಪಾಸಣೆ: ಸೀಸನ್ ಆರಂಭಕ್ಕೊಮ್ಮೆ, ನಡುವೆ ಒಮ್ಮೆ, ಮೂಲ ದಾಖಲೆ ನೋಡಿಯೇ. ಬೇರೆ ದೇಶದಿಂದ ಬಂದ ಆಟಗಾರರ ಲೈಸೆನ್ಸ್ ಇಲ್ಲಿ ಎಷ್ಟು ತಿಂಗಳು ಚಾಲ್ತಿಯಲ್ಲಿರುತ್ತದೆ ಎಂಬುದನ್ನು ಬಹಳ ಕ್ಲಬ್‌ಗಳು ನೋಡುವುದೇ ಇಲ್ಲ. ಕ್ಲಬ್ ಕೊಟ್ಟ ಕಾರನ್ನು ಅವರು ಲೈಸೆನ್ಸ್ ಇಲ್ಲದೆ ಓಡಿಸಿದಂತಾದರೆ ತಪ್ಪಿನಲ್ಲಿ ಕ್ಲಬ್‌ಗೂ ಪಾಲಿರುತ್ತದೆ. ನಿಯಮವನ್ನು ಆಟಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ವಿಚಾರಣೆಯಲ್ಲಿ ನಿಲ್ಲುವುದಿಲ್ಲ.

ತಪ್ಪುಗಳನ್ನು ಮೂರು ದರ್ಜೆಗಳಲ್ಲಿ ಇಟ್ಟರೆ ಸಾಕು. ಪಾರ್ಕಿಂಗ್, ಸಿಗ್ನಲ್, ಸ್ವಲ್ಪ ಹೆಚ್ಚಿನ ವೇಗ: ಇವನ್ನು ಕಾನೂನಿಗೇ ಬಿಡಿ, ವರ್ಷದಲ್ಲಿ ಮೂರನೇ ಸಲವಾದಾಗ ಲಿಖಿತ ಎಚ್ಚರಿಕೆ ಕೊಡಿ. ಇಂಥ ದಂಡವನ್ನು ಕ್ಲಬ್ ಯಾವತ್ತೂ ಆಟಗಾರನ ಪರವಾಗಿ ಕಟ್ಟಬಾರದು. ಎರಡನೇ ದರ್ಜೆಯಲ್ಲಿ ಲೈಸೆನ್ಸ್ ಅಥವಾ ವಿಮೆ ಇಲ್ಲದೆ ಓಡಿಸುವುದು, ಓಡಿಸುತ್ತ ಫೋನ್ ಬಳಸುವುದು, ರಸ್ತೆಯಲ್ಲಿ ರೇಸ್, ಮಿತಿಮೀರಿದ ವೇಗ. ಇವಕ್ಕೆ ಹಣದ ದಂಡ, ಒಂದೆರಡು ಪಂದ್ಯಗಳ ನಿಷೇಧ, ಚಾಲನಾ ತರಬೇತಿ.

ಮೂರನೆಯದು ಗಂಭೀರ ದರ್ಜೆ: ಮದ್ಯ ಅಥವಾ ಮಾದಕ ವಸ್ತು ಸೇವಿಸಿ ಓಡಿಸುವುದು, ಉಸಿರಿನ ಪರೀಕ್ಷೆಗೆ ಒಪ್ಪದಿರುವುದು, ಗುದ್ದಿ ಓಡಿಹೋಗುವುದು, ಯಾರಿಗಾದರೂ ಗಾಯ ಮಾಡುವುದು, ಲೈಸೆನ್ಸ್ ರದ್ದಾಗಿರುವಾಗ ಓಡಿಸುವುದು, ಓಡಿಸಿದ್ದು ನಾನಲ್ಲ ಎಂದು ಇನ್ನೊಬ್ಬರನ್ನು ಮುಂದೆ ಮಾಡುವುದು. ಪರೀಕ್ಷೆ ನಿರಾಕರಣೆಯನ್ನು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕೆ ಸಮನಾಗಿ ಇಡಿ, ಇಲ್ಲವಾದರೆ ನಿರಾಕರಣೆಯೇ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಮೊದಲ ಸಲಕ್ಕೂ ಕನಿಷ್ಠ ಮೂರು ಪಂದ್ಯಗಳ ನಿಷೇಧ ಇರಲಿ, ಮೇಲಕ್ಕೆ ವಜಾದವರೆಗೂ ಅವಕಾಶವಿರಲಿ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕುಡಿದು ಓಡಿಸುವುದಕ್ಕೆ ಇಷ್ಟು ಪಂದ್ಯ ಎಂದು ಆಟಗಾರರ ಸಂಘದ ಜೊತೆ ಮೊದಲೇ ಒಪ್ಪಿಕೊಂಡ ಅಳತೆಯಿದೆ. ಹಾಗಿರುವಾಗ ವಾದಕ್ಕೆ ಉಳಿಯುವುದು ತಪ್ಪು ನಡೆಯಿತೇ ಇಲ್ಲವೇ ಎಂಬುದಷ್ಟೇ.

ಶಿಕ್ಷೆ ಹೆಚ್ಚಿಸುವ ಅಂಶಗಳನ್ನೂ ಬರೆದಿಡಿ: ಕಾರಿನಲ್ಲಿ ಬೇರೆಯವರಿದ್ದದ್ದು, ಎರಡನೇ ಸಲ ಮಾಡಿದ್ದು, ಸುಳ್ಳು ಹೇಳಿದ್ದು, ಕ್ಲಬ್‌ನ ಕಾರು ಬಳಸಿದ್ದು. ತಾನಾಗಿ ಬಂದು ಹೇಳಿದ್ದು, ಬೇಗ ಒಪ್ಪಿಕೊಂಡದ್ದು, ಚಿಕಿತ್ಸೆಗೆ ಸೇರಿದ್ದು ಕಡಿಮೆ ಮಾಡುವ ಅಂಶಗಳು. ಮುಂದಿನ ವಾರ ಫೈನಲ್ ಇದೆ ಎಂಬುದು ಯಾವ ಪಟ್ಟಿಯಲ್ಲೂ ಇರಬಾರದು. ಟಿವಿಯಲ್ಲಿ ಎಷ್ಟು ಗದ್ದಲವಾಯಿತು ಎಂಬುದೂ ಅಷ್ಟೆ.

ದಂಡ ಮತ್ತು ನಿಷೇಧದ ಲೆಕ್ಕ

ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್‌ನಲ್ಲಿ ಎರಡು ವಾರದ ಸಂಬಳ ಎಂಬುದು ರೂಢಿಯ ಅಳತೆ. 2017ರಲ್ಲಿ ಆಟಗಾರ ವೇಯ್ನ್ ರೂನಿ ಕುಡಿದು ಓಡಿಸಿದ್ದಕ್ಕೆ ಅವರ ಕ್ಲಬ್ ಎವರ್ಟನ್ ಹಾಕಿದ ದಂಡವೂ ಇಷ್ಟೇ. ಸಂಬಳದಿಂದ ಎಷ್ಟು ಕಡಿತ ಮಾಡಬಹುದು ಎಂಬುದಕ್ಕೆ ಹಲವು ದೇಶಗಳ ಕಾರ್ಮಿಕ ಕಾನೂನಿನಲ್ಲಿ ಮಿತಿಯಿದೆ, ಅದನ್ನು ನೋಡದೆ ಅಂಕಿ ಬರೆಯಬೇಡಿ. ಮೊತ್ತವನ್ನು ದಿನದ ಅಥವಾ ವಾರದ ಸಂಬಳದ ಲೆಕ್ಕದಲ್ಲೇ ಹೇಳಿ. ನಿಗದಿತ ಮೊತ್ತವಾದರೆ ತಾರೆಗೆ ಅದು ಚಿಲ್ಲರೆ, ಹೊಸ ಹುಡುಗನಿಗೆ ಮನೆ ಬಾಡಿಗೆ. ವಸೂಲಾದ ಹಣ ತಂಡದ ಪಾರ್ಟಿಯ ಡಬ್ಬಿಗೆ ಹೋಗಬಾರದು, ರಸ್ತೆ ಅಪಘಾತದ ಸಂತ್ರಸ್ತರಿಗೆ ನೆರವಾಗುವ ಸಂಸ್ಥೆಗೆ ಹೋಗಲಿ. ಸಂಬಳವಿಲ್ಲದ ಹವ್ಯಾಸಿ ಕ್ಲಬ್‌ಗಳಲ್ಲಿ ಹಣದ ದಂಡದ ಮಾತೇ ಬೇಡ. ಪಂದ್ಯ ನಿಷೇಧ, ನಾಯಕತ್ವದಿಂದ ಇಳಿಸುವುದು, ಮಕ್ಕಳ ತಂಡವನ್ನು ಕರೆದೊಯ್ಯುವ ಕೆಲಸದಿಂದ ತಪ್ಪಿಸುವುದು, ಇವು ಸಾಕಷ್ಟು ತಟ್ಟುತ್ತವೆ.

ನಿಷೇಧದಲ್ಲಿ ಒಂದು ಕಳ್ಳದಾರಿ ಇದೆ. ಗಾಯಾಳು ಆಟಗಾರನ ಮೂರು ಪಂದ್ಯಗಳ ನಿಷೇಧ ಅವನು ಫಿಸಿಯೋ ಕೋಣೆಯಲ್ಲಿರುವಾಗಲೇ ಮುಗಿದುಹೋಗುತ್ತದೆ. ಆದ್ದರಿಂದ ‘ಆಡಲು ಫಿಟ್ ಇದ್ದು, ಆಯ್ಕೆಗೆ ಅರ್ಹನಾಗಿದ್ದ ಅಧಿಕೃತ ಪಂದ್ಯಗಳು’ ಎಂದು ಸ್ಪಷ್ಟವಾಗಿ ಬರೆಯಿರಿ. ಸೌಹಾರ್ದ ಪಂದ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಿಷೇಧದ ಅವಧಿಯಲ್ಲೂ ತರಬೇತಿಗೆ ಬರುವಂತಿರಲಿ. ಕುಡಿತದ ಸಮಸ್ಯೆ ಇರುವವರನ್ನು ಮೂರು ವಾರ ಮನೆಯಲ್ಲಿ ಒಂಟಿಯಾಗಿ ಕೂರಿಸುವುದಕ್ಕಿಂತ ಕೆಟ್ಟದ್ದಿಲ್ಲ.

ಮೊದಲ 24 ಗಂಟೆ

ಕ್ಲಬ್‌ನ ಪರವಾಗಿ ಒಬ್ಬರೇ ವ್ಯವಹರಿಸಲಿ. ಆಟಗಾರನಿಗೆ ಸ್ವಂತ ವಕೀಲರಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಕ್ಲಬ್‌ನ ವಕೀಲರೇ ಇಬ್ಬರಿಗೂ ಆಗುವುದಿಲ್ಲ, ಏಕೆಂದರೆ ನಾಳೆ ಶಿಸ್ತು ಸಮಿತಿಯ ಮುಂದೆ ಇಬ್ಬರೂ ಎದುರುಬದುರಾಗುತ್ತಾರೆ. ಆ ದಿನವೇ ತಪ್ಪೊಪ್ಪಿಗೆ ಬರೆಸಿಕೊಳ್ಳಬೇಡಿ, ಕ್ಲಬ್‌ಗೆ ಬರೆದುಕೊಟ್ಟ ಕಾಗದವನ್ನು ನ್ಯಾಯಾಲಯ ತರಿಸಿಕೊಳ್ಳಬಹುದು. ಜೊತೆಯಲ್ಲಿದ್ದ ಆಟಗಾರರನ್ನು ಒಟ್ಟಿಗೆ ಕೂರಿಸಿ ‘ಏನು ಹೇಳೋಣ’ ಎಂದು ಮಾತಾಡಿಸುವುದು, ಪರಿಚಯದ ಅಧಿಕಾರಿಗೆ ಫೋನ್ ಮಾಡುವುದು ಕ್ಲಬ್‌ಅನ್ನೇ ಕೇಸಿಗೆ ಎಳೆದು ತರುತ್ತವೆ. ಕ್ಲಬ್‌ನ ಕಾರಿದ್ದರೆ ಕೀಲಿ ಪಡೆಯಿರಿ. ಆಟಗಾರ ಮನೆಗೆ ಬೇರೆಯವರ ಗಾಡಿಯಲ್ಲೇ ಹೋಗಲಿ. ರಾತ್ರಿ ಜೊತೆಗೆ ಯಾರಾದರೂ ಇರಲಿ, ಅವಮಾನದ ಮೊದಲ ರಾತ್ರಿ ಬಹಳ ಕಷ್ಟದ್ದು.

ಯಾರಿಗಾದರೂ ಗಾಯವಾಗಿದ್ದರೆ ಪ್ರಕಟಣೆಯ ಮೊದಲ ಸಾಲು ಅವರದು. ‘ನಿನ್ನೆ ರಾತ್ರಿಯ ಅಪಘಾತದಲ್ಲಿ ಗಾಯಗೊಂಡವರು ಬೇಗ ಚೇತರಿಸಿಕೊಳ್ಳಲಿ ಎಂಬುದು ನಮ್ಮ ಮೊದಲ ಹಾರೈಕೆ. ನಮ್ಮ ತಂಡದ ಒಬ್ಬ ಆಟಗಾರ ಪೊಲೀಸ್ ತನಿಖೆಗೆ ಸಹಕರಿಸುತ್ತಿದ್ದಾರೆ, ಕ್ಲಬ್‌ನ ಶಿಸ್ತು ನಿಯಮದಂತೆ ಪ್ರಕ್ರಿಯೆ ಆರಂಭವಾಗಿದೆ.’ ಇಷ್ಟು ಸಾಕು. ‘ಒಳ್ಳೆಯ ಹುಡುಗ’, ‘ಸಣ್ಣ ಎಡವಟ್ಟು’ ಎಂಬ ಮಾತು ಬೇಡ, ಆಸ್ಪತ್ರೆಯಲ್ಲಿ ಮಲಗಿದವರ ಮನೆಯವರೂ ಅದನ್ನು ಓದುತ್ತಾರೆ. ಅವರಿಗೆ ಹಣ, ಟಿಕೆಟ್, ಜೆರ್ಸಿ ಕಳಿಸಬೇಡಿ. ಸಾಕ್ಷಿಯನ್ನು ಒಲಿಸಿಕೊಂಡಂತೆ ಕಾಣುತ್ತದೆ.

ವಿಚಾರಣೆ

ಪೊಲೀಸ್ ಕೇಸು ತಿಂಗಳುಗಟ್ಟಲೆ ಎಳೆಯುತ್ತದೆ, ಕ್ಲಬ್ ಅಲ್ಲಿಯವರೆಗೆ ಕಾಯಬೇಕೇ? ಆಟಗಾರ ಒಪ್ಪಿಕೊಂಡಿದ್ದರೆ ಕಾಯಬೇಕಿಲ್ಲ. ಓಡಿಸಿದ್ದು ಯಾರು ಎಂಬುದರ ಬಗ್ಗೆಯೇ ತಕರಾರಿದ್ದರೆ ವಿಚಾರಣೆ ಮುಂದೂಡಿ. ಅಲ್ಲಿಯವರೆಗೆ ಕ್ಲಬ್‌ನ ಕಾರು ಇಲ್ಲ, ಶಾಲೆಗಳ ಭೇಟಿ ಇಲ್ಲ ಎಂಬಂಥ ಮುನ್ನೆಚ್ಚರಿಕೆ ಮಾತ್ರ ಇರಲಿ. ಅಮಾನತು ಮಾಡಲೇಬೇಕಾದರೆ ಪೂರ್ತಿ ಸಂಬಳದೊಂದಿಗೆ, 14 ದಿನ ಮೀರದಂತೆ. ನ್ಯಾಯಾಲಯಕ್ಕೆ ಸಂಶಯಾತೀತ ಪುರಾವೆ ಬೇಕು, ಕ್ಲಬ್‌ಗೆ ಯಾವುದು ಹೆಚ್ಚು ಸಂಭವನೀಯ ಎಂಬುದು ಸಾಕು. ಹೀಗಾಗಿ ಅಲ್ಲಿ ಖುಲಾಸೆಯಾದರೂ ಇಲ್ಲಿನ ಪ್ರಕ್ರಿಯೆ ತಾನಾಗಿ ಮುಗಿಯುವುದಿಲ್ಲ. ಇದು ನಿಯಮದಲ್ಲಿ ಮೊದಲೇ ಬರೆದಿದ್ದರೆ ಮಾತ್ರ ನಿಲ್ಲುವ ಮಾತು.

ಸಮಿತಿಯಲ್ಲಿ ಮೂವರಿರಲಿ. ಕೋಚ್, ಮಾಲೀಕರು, ಪ್ರಾಯೋಜಕರು ಯಾರೂ ಅದರಲ್ಲಿರಬಾರದು. ನೋಟಿಸ್‌ಗೂ ವಿಚಾರಣೆಗೂ ನಡುವೆ ಕನಿಷ್ಠ ಐದು ಕೆಲಸದ ದಿನಗಳಿರಲಿ. ‘ಕ್ಲಬ್‌ನ ಹೆಸರಿಗೆ ಮಸಿ ಬಳಿದಿದ್ದೀರಿ’ ಎಂದು ನೋಟಿಸ್ ಬರೆದರೆ ಅದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗದು. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ರಸ್ತೆಯಲ್ಲಿ, ಕಾನೂನಿನ ಮಿತಿಗಿಂತ ಹೆಚ್ಚು ಮದ್ಯ ರಕ್ತದಲ್ಲಿರುವಾಗ ಕಾರು ಓಡಿಸಿದ್ದೀರಿ. ಇದು ನಿಯಮ 7ರ ಉಲ್ಲಂಘನೆ’ ಎಂದು ಬರೆಯಿರಿ. ಜೊತೆಗೆ ಒಬ್ಬರನ್ನು ಕರೆತರುವ ಹಕ್ಕು, ಮೂರು ದಿನದೊಳಗೆ ಕಾರಣಸಹಿತ ಲಿಖಿತ ತೀರ್ಪು, ಏಳು ದಿನದೊಳಗೆ ಬೇರೆಯದೇ ಜನರ ಮುಂದೆ ಮೇಲ್ಮನವಿ, ಇವು ಇಲ್ಲದ ವಿಚಾರಣೆ ಕಾರ್ಮಿಕ ನ್ಯಾಯಾಲಯದಲ್ಲಿ ಒಂದು ದಿನವೂ ನಿಲ್ಲದು. ವಜಾ ಮಾಡುವ ಮುನ್ನ ಸಮಿತಿ ತನ್ನನ್ನೇ ಕೇಳಿಕೊಳ್ಳಲಿ: ಈ ಆಟಗಾರ ಫಿಟ್ ಆಗಿದ್ದು ಒಳ್ಳೆಯ ಫಾರ್ಮ್‌ನಲ್ಲಿದ್ದಿದ್ದರೂ ಇದೇ ತೀರ್ಮಾನವೇ? ಅಲ್ಲ ಎನ್ನುವುದಾದರೆ ಅಲ್ಲಿಗೇ ನಿಲ್ಲಿಸಿ.

ಬೆಳಗಿನ ತರಬೇತಿಯ ಅಪಾಯ

ರಾತ್ರಿ ಕುಡಿದು ಮಲಗಿ, ಬೆಳಗ್ಗೆ ‘ನೆಟ್ಟಗಿದ್ದೇನೆ’ ಎಂದುಕೊಂಡು ತರಬೇತಿಗೆ ಹೊರಟು ಸಿಕ್ಕಿಬೀಳುವವರೂ ಇದ್ದಾರೆ. ಲೆಕ್ಕ ಹಾಕಿ ತೋರಿಸಿ. ರಕ್ತದಲ್ಲಿನ ಮದ್ಯ ಗಂಟೆಗೆ ಸರಾಸರಿ 100 ಮಿಲಿಗೆ 15 ಮಿಲಿಗ್ರಾಂನಷ್ಟು ಇಳಿಯುತ್ತದೆ. ರಾತ್ರಿ 1 ಗಂಟೆಗೆ 180 ಇದ್ದವರಿಗೆ ಬೆಳಗ್ಗೆ 8ಕ್ಕೆ ಏಳು ಗಂಟೆಯಲ್ಲಿ 105 ಇಳಿದು ಇನ್ನೂ 75 ಉಳಿದಿರುತ್ತದೆ. ಯುರೋಪಿನ ಬಹುತೇಕ ದೇಶಗಳಲ್ಲಿ ಮಿತಿ 50, ಭಾರತದಲ್ಲಿ 30. ಕಾಫಿ, ತಣ್ಣೀರ ಸ್ನಾನ, ಜಿಮ್‌ನಲ್ಲಿ ಬೆವರಿಳಿಸುವುದು ಇದನ್ನು ಬೇಗ ಇಳಿಸುವುದಿಲ್ಲ. ಕ್ಲಬ್ ತಾನೇ ಕೂಟ ನಡೆಸಿದರೆ ಮನೆಗೆ ಬಿಡುವ ವಾಹನಕ್ಕೂ ತಾನೇ ಹಣ ಕೊಡಲಿ, ಒಳಗೆ ಬರುವಾಗಲೇ ಕೀಲಿ ಪಡೆದು ಮರುದಿನ ಮಧ್ಯಾಹ್ನದ ನಂತರ ಹಿಂತಿರುಗಿಸಲಿ, ಮರುದಿನ ಬೆಳಗಿನ ತರಬೇತಿ ಇಡದಿರಲಿ.

ನ್ಯಾಯಾಲಯ ಲೈಸೆನ್ಸ್ ರದ್ದು ಮಾಡಿದ ಆಟಗಾರ ಮೈದಾನಕ್ಕೆ ಹೇಗೆ ಬರುತ್ತಾರೆ ಎಂಬುದನ್ನೂ ತೀರ್ಪಿನಲ್ಲೇ ಬರೆಯಿರಿ: ಯಾರ ಗಾಡಿ, ಯಾವ ದಿನ. ಇದು ತೀರ್ಮಾನವಾಗದಿದ್ದರೆ ಎರಡನೇ ವಾರದಲ್ಲೇ ‘ಹತ್ತಿರವೇ ತಾನೆ’ ಎಂದು ಅವರೇ ಓಡಿಸಿಕೊಂಡು ಬರುತ್ತಾರೆ. ಗಾಡಿ ಓಡಿಸುವ ನಿಷೇಧ ಮುಗಿದ ದಿನ ಹೊಸ ಲೈಸೆನ್ಸ್ ಮತ್ತು ವಿಮೆಯ ಕಾಗದವನ್ನು ಕಣ್ಣಾರೆ ನೋಡಿ, ಪ್ರತಿ ಇಟ್ಟುಕೊಂಡ ಮೇಲಷ್ಟೇ ಕ್ಲಬ್‌ನ ಕಾರಿನ ಕೀಲಿ ಕೊಡಿ.