ಒಂದೇ ಕಲ್ಲು, ಅರ್ಧ ದಿನ: ಮಕ್ಕಳಿಗೆ ಮ್ಯೂಸಿಯಂನಲ್ಲಿ ಶಾಸನ ಪರಿಚಯಿಸುವುದು ಹೇಗೆ?

ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೊರಟ ಮೇಷ್ಟ್ರಿಗೆ, ಟೀಚರಿಗೆ ನಾನು ಮೊದಲು ಹೇಳುವುದು ಇಷ್ಟು: ಎಲ್ಲವನ್ನೂ ತೋರಿಸಲು ಹೋಗಬೇಡಿ. ಸುಮ್ನೆ ಸುತ್ತಿಸಿದರೆ ಕಾಲು ನೋಯುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಒಂದೇ ಕಲ್ಲು ಆರಿಸಿಕೊಳ್ಳಿ. ಅದಕ್ಕೇ ಅರ್ಧ ದಿನ ಕೊಡಿ.

ನನ್ನ ಆಯ್ಕೆ ಆತಕೂರು ಶಾಸನ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸಂಗ್ರಹದಲ್ಲಿರುವ ಈ ಕಲ್ಲು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು, ಕ್ರಿ.ಶ. 949–50ರದು. ಈಗಿನ ತಮಿಳುನಾಡಿನ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳರನ್ನು ಸೋಲಿಸಿದ ವಿಷಯ ಇದರಲ್ಲಿದೆ. ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಹೇಳುವುದು ಅದನ್ನೇ. ಮಕ್ಕಳು ಮನಸೋಲುವುದು ಮಾತ್ರ ಕಾಳಿಗೆ.

ಕಾಳಿ ಒಂದು ಬೇಟೆನಾಯಿ. ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಎಂಬ ವೀರನಿಗೆ ಮೆಚ್ಚಿದ ಅರಸ, ಏನು ಬೇಕೋ ಕೇಳು ಅನ್ನುತ್ತಾನೆ. ಮಣಲೇರ ಕೇಳುವುದು ಕಾಳಿಯನ್ನು. ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡುತ್ತಾರೆ. ಕಾದಾಡಿ ಎರಡೂ ಸಾಯುತ್ತವೆ. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ದೇವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟರು.

ಈ ಕಥೆಯನ್ನು ಹಿಂದಿನ ದಿನವೇ ಶಾಲೆಯಲ್ಲಿ ಹೇಳಿ, ಆದರೆ ಅರ್ಧಕ್ಕೆ ನಿಲ್ಲಿಸಿ. ಅರಸ "ಕೇಳು" ಅಂದಲ್ಲಿಗೆ ಸಾಕು. ನೀನಾಗಿದ್ದರೆ ಏನು ಕೇಳುತ್ತಿದ್ದೆ ಎಂದು ಪ್ರತಿ ಮಗುವಿನಿಂದಲೂ ಬರೆಸಿ. ಚೀಟಿ ಜೋಪಾನವಾಗಿಡಿ, ಬೇಕಾಗುತ್ತವೆ. ಮ್ಯೂಸಿಯಂಗೆ ಮೊದಲೇ ಫೋನ್ ಮಾಡಿ: ಕಲ್ಲು ಈಗ ನೋಡಲು ಸಿಗುತ್ತದೆಯೇ, ಟಾರ್ಚ್ ಬಳಸಬಹುದೇ, ಅಂಗಳದಲ್ಲಿ ಮಕ್ಕಳು ಕೂರಬಹುದೇ ಎಂದು ವಿಚಾರಿಸಿ.

ಕಲ್ಲಿನ ಮುಂದೆ ನಿಂತಾಗ ನೀವು ಮಾತಾಡಬೇಡಿ. ನಾಯಿ ಎಲ್ಲಿದೆ, ಹಂದಿ ಎಲ್ಲಿದೆ ಅಂತ ಅವರೇ ಹುಡುಕಲಿ. ಆಮೇಲೆ ಟಾರ್ಚ್ ಹಚ್ಚಿ. ಬೆಳಕನ್ನು ನೇರವಾಗಿ ಬಿಟ್ಟರೆ ಅಕ್ಷರ ಮಸುಕು ಮಸುಕು. ಟಾರ್ಚನ್ನು ಕಲ್ಲಿನ ಅಂಚಿಗೆ ತಂದು ಓರೆಯಾಗಿ ಹಾಯಿಸಿ ನೋಡಿ! ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ. ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ತನಗೆ ಗೊತ್ತಿರುವ ಒಂದು ಅಕ್ಷರ ಸಿಕ್ಕಾಗ ಮಗು ಕೂಗಿಕೊಂಡರೆ ಗದರಬೇಡಿ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮ ಇರುವುದೇ ಆ ಕ್ಷಣಕ್ಕಾಗಿ.

ಕಲ್ಲನ್ನು ಮುಟ್ಟುವುದು ಬೇಡ. ಓದಲು ಸುಲಭ ಅಂತ ಸೀಮೆಸುಣ್ಣ, ಹಿಟ್ಟು ಬಳಿಯುವುದಂತೂ ಖಂಡಿತ ಬೇಡ. ಕೈಗೆ ಕೆಲಸ ಕೊಡಲು ಬೇರೆ ದಾರಿ ಇದೆ. ಕಡಪ ಕಲ್ಲಿನ ಒಂದು ತುಂಡಿನ ಮೇಲೆ ನಾಲ್ಕಾರು ಅಕ್ಷರ ಕೆತ್ತಿಸಿ ಇಟ್ಟುಕೊಳ್ಳಿ. ಮನೆ ಮುಂದಿನ ಹೆಸರಿನ ಕಲ್ಲು ಕೆತ್ತುವವರು ಮಾಡಿಕೊಡುತ್ತಾರೆ. ಅಂಗಳದಲ್ಲಿ ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಮೆತ್ತಗೆ ಬಡಿಸಿ. ಕಾಗದ ಅಕ್ಷರದ ಗುಂಡಿಯೊಳಗೆ ಕೂರಬೇಕು. ಮುಕ್ಕಾಲು ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಸ್ವಲ್ಪವೇ ಮಸಿ ತಾಗಿಸಿ ತಟ್ಟಿಸಿ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಶಾಸನತಜ್ಞರು ಪಡಿಯಚ್ಚು, ಅಂದರೆ ಶಾಸನದ ಕಾಗದದ ನಕಲು, ತೆಗೆಯುವುದೂ ಹೀಗೇ. ಮಸಿ ಜಾಸ್ತಿಯಾದರೆ ಎಲ್ಲ ಕಪ್ಪಾಗುತ್ತದೆ, ಅದಕ್ಕೇ ಕಾಗದ ಧಾರಾಳವಾಗಿ ತನ್ನಿ.

ಈಗ ಕಥೆಯ ಉಳಿದರ್ಧ ಹೇಳಿ, ಚೀಟಿ ಹೊರಗೆ ತೆಗೆಯಿರಿ. ಕುದುರೆ, ಊರು, ಚಿನ್ನ ಕೇಳಿದವರೇ ಹೆಚ್ಚಿರುತ್ತಾರೆ. ಮಣಲೇರ ನಾಯಿಯನ್ನೇ ಯಾಕೆ ಕೇಳಿದ? ಉತ್ತರ ನೀವು ಹೇಳಬೇಡಿ, ವಾದ ಮಾಡಿಕೊಳ್ಳಲಿ.

ಕೊನೆಗೆ ಶಾಲೆಗೆ ಬಂದು, ಜೇಡಿಮಣ್ಣಿನ ಹಲಗೆಯ ಮೇಲೆ ಬಿದಿರು ಕಡ್ಡಿಯಿಂದ ಪ್ರತಿಯೊಬ್ಬರೂ ತಮ್ಮ ಬೀದಿಯ ಒಂದು ಶಾಸನ ಬರೆಯಬೇಕು. ಸತ್ತ ಹಸು, ಊರಿಗೆ ಬಾವಿ ತೋಡಿದ ಅಜ್ಜ, ಯಾರಾದರೂ ಸರಿ. ಯಾರು, ಎಲ್ಲಿ, ಏನು ಮಾಡಿದರು, ಕಲ್ಲು ನಿಲ್ಲಿಸಿದವರು ಯಾರು ಎಂಬುದಿರಲಿ. ಕೊನೆಯ ಸಾಲಿನಲ್ಲಿ ಶಾಪಾಶಯ, ಅಂದರೆ ತಪ್ಪಿ ನಡೆದವರಿಗೆ ಹಾಕುವ ಶಾಪ, ಇರಲೇಬೇಕು. ಆತಕೂರಿನಲ್ಲೂ ಇದೆ: ಆ ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು. ಬೀದಿಯ ವಿಷಯ ಗೊತ್ತಿಲ್ಲದ ಮಗುವಿಗೆ ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರಲು ಒಂದು ದಿನ ಹೆಚ್ಚು ಕೊಡಿ.

ಹಲಗೆ ಹೆಬ್ಬೆರಳಿನಷ್ಟು ದಪ್ಪವಿರಲಿ. ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.