ಕಿಲ್ಟಿಗೆ ಟಾರ್ಟನ್ ಆರಿಸುವಾಗ ಮೊದಲು ಟೇಪು ಹಿಡಿಯಿರಿ

ಸೊಲ್ಲಾಪುರದ ನನ್ನ ಹೊಲಿಗೆ ಅಂಗಡಿಯಲ್ಲಿ ಬೇಸಿಗೆ ಬಂತೆಂದರೆ ಶಾಲೆ ಯೂನಿಫಾರ್ಮಿನ ಚೌಕಳಿ ಸ್ಕರ್ಟುಗಳದೇ ರಾಶಿ. ನಿರಿಗೆ ಕೂಡಿಸಿ ಕೂಡಿಸಿ ಕೈ ಪಳಗಿದೆ. ಹೀಗಾಗಿ ಎಡಿನ್‌ಬರ್ಗ್‌ನಲ್ಲಿ ಓದುತ್ತಿರುವ ಅಕ್ಕನ ಮಗ ಫೋನ್ ಮಾಡಿ, "ಚಿಗವ್ವಾ, ಗೆಳೆಯನ ಮದುವಿಗೆ ಕಿಲ್ಟ್ ಬೇಕು, ನೀನ ಹೊಲದು ಕೊಡು" ಅಂದಾಗ ಒಪ್ಪಿಕೊಂಡೆ. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನಿರಿಗೆಯ ಲಂಗ. ಮರುದಿನ ಅದಕ್ಕೆ ಬಳಸುವ ಟಾರ್ಟನ್ ಎಂಬ ಚೌಕಳಿ ಬಟ್ಟೆಯ ಹನ್ನೆರಡು ಫೋಟೋ ಕಳಿಸಿ ಯಾವ ಬಣ್ಣ ಚಂದ ಎಂದು ಕೇಳಿದ. "ಬಣ್ಣ ಆಮೇಲೆ ನೋಡೋಣು. ಚೌಕಳಿಯ ಒಂದು ಸುತ್ತು ಎಷ್ಟು ಇಂಚು ಬರ್ತದ ಹೇಳು" ಅಂದೆ.

ಟಾರ್ಟನ್ನಿನಲ್ಲಿ ಬಣ್ಣದ ಗೆರೆಗಳು ಒಂದು ಲೆಕ್ಕದಲ್ಲಿ ಬಂದು, ಮುಗಿದು, ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಆ ಒಂದು ಸುತ್ತಿಗೆ ಅಲ್ಲಿನವರು ಸೆಟ್ ಅನ್ನುತ್ತಾರೆ. ಹಾಸಿನಲ್ಲಿ ಯಾವ ಲೆಕ್ಕವೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಲೆಕ್ಕ. ಬಟ್ಟೆ ಎಷ್ಟು ಬೇಕು, ನಿರಿಗೆ ಎಷ್ಟು ಆಳ ಬರುತ್ತದೆ ಎಂಬುದೆಲ್ಲ ಈ ಸುತ್ತಿನ ಅಳತೆಯ ಮೇಲೆ ನಿಂತಿದೆ.

ನಮ್ಮ ಹುಡುಗನ ಸೊಂಟದ ಕೆಳಗಿನ ಸುತ್ತಳತೆ 40 ಇಂಚು. ಕಿಲ್ಟಿನ ಮುಂಭಾಗ ಸಪಾಟು, ನಿರಿಗೆಯೆಲ್ಲ ಹಿಂದೆ. ಅಂದರೆ ಸುಮಾರು 20 ಇಂಚಿನ ಜಾಗದಲ್ಲಿ ನಿರಿಗೆ ಕೂರಬೇಕು. ಒಂದೊಂದು ನಿರಿಗೆ ಮುಕ್ಕಾಲು ಇಂಚು ಕಂಡರೆ 27 ನಿರಿಗೆ. ಪ್ರತಿ ನಿರಿಗೆಯ ಮೇಲೂ ಒಂದೇ ಗೆರೆ ಬರುವಂತೆ ಕೂಡಿಸಿದರೆ ಒಂದು ನಿರಿಗೆ ಒಂದು ಪೂರಾ ಸುತ್ತನ್ನು ನುಂಗುತ್ತದೆ. ಸುತ್ತು 6 ಇಂಚು ಇದ್ದರೆ ನಿರಿಗೆಗೇ 162 ಇಂಚು, 8 ಇಂಚು ಇದ್ದರೆ 216 ಇಂಚು. ಒಂದೂವರೆ ಗಜದ ಫರಕು! ಮುಂದಿನ ಎರಡು ಪದರಕ್ಕೆ, ಒಳಮಡಿಕೆಗೆ ಮತ್ತೆ ಎರಡು ಗಜ ಹಿಡಿಯಿರಿ. ದೊಡ್ಡ ಸುತ್ತಿನ ಬಟ್ಟೆಗೆ ಎಂಟು ಗಜ ಯಾಕೆ ಬೇಕು ಎಂಬುದು ಆಗ ತಿಳಿಯುತ್ತದೆ. ಸುತ್ತು 4 ಇಂಚಿನಷ್ಟು ಸಣ್ಣದಾದರೆ ನಿರಿಗೆಗೆ ಆಳ ಸಿಗುವುದಿಲ್ಲ, ನಡೆಯುವಾಗ ತೂಗುವುದಿಲ್ಲ. ಅಂಥದ್ದಕ್ಕೆ ಒಂದು ನಿರಿಗೆಗೆ ಎರಡು ಸುತ್ತು ಹಾಕಬೇಕು.

ಗೆರೆಗೆ ಕೂಡಿಸಿದರೆ ನೀವು ಆರಿಸಿದ ಗೆರೆಯ ಬಣ್ಣವೇ ಹಿಂಭಾಗವನ್ನೆಲ್ಲ ಆಳುತ್ತದೆ, ಉಳಿದ ಬಣ್ಣ ನಡೆಯುವಾಗ ಮಾತ್ರ ಇಣುಕುತ್ತದೆ. ಇನ್ನೊಂದು ರೀತಿಯಲ್ಲಿ ಚೌಕಳಿಯನ್ನೇ ನಿರಿಗೆಗಳ ಮೇಲೆ ಮತ್ತೆ ಕೂಡಿಸುತ್ತಾರೆ, ಹಿಂದೆಯೂ ಮುಂದಿನ ಹಾಗೇ ಕಾಣುತ್ತದೆ. ಅದಕ್ಕೆ ಬಟ್ಟೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ನನಗೆ ಇಷ್ಟವಾದದ್ದು ಇದೇ.

ಇನ್ನೊಂದು ಮಾತು ನನಗೆ ಹೊಳೆದದ್ದು ಅಪ್ಪನಿಂದ. ಅಪ್ಪ ಚಾದರಿನ ಮಗ್ಗದಲ್ಲಿ ದುಡಿದವರು. ಫೋಟೋ ನೋಡಿದವರೇ, "ಇದು ತಿರುಗಿ ಬರೂ ಚೌಕಳಿ ಹೌದೋ ಅಲ್ಲೋ ನೋಡವ್ವಾ" ಅಂದರು. ಕಿಲ್ಟಿನ ಕೆಳಗಡೆ ಮಡಚಿ ಹೊಲಿಯುವುದಿಲ್ಲ, ಮಗ್ಗದಿಂದ ಬಂದ ಅಂಚೇ ಕೆಳಗೆ ಬರಬೇಕು. ಉದ್ದ ಬೇಕಾದದ್ದು ಹೊಕ್ಕಳಿನ ಹತ್ತಿರದಿಂದ ಮೊಣಕಾಲ ಚಿಪ್ಪಿನ ನಡುವಿನವರೆಗೆ, ನಮ್ಮ ಹುಡುಗನಿಗೆ 24 ಇಂಚು. ಬಟ್ಟೆಯ ಪನ್ನ, ಅಂದರೆ ಅಗಲ, 54 ಇಂಚಿಗಿಂತ ಹೆಚ್ಚಿದ್ದರೆ ನಾಲ್ಕು ಗಜ ತಂದು, ಉದ್ದಕ್ಕೆ ನಡುವೆ ಸೀಳಿ, ಎರಡು ಪಟ್ಟಿಯನ್ನು ನಿರಿಗೆಯೊಳಗೆ ಜೋಡಿಸಿದರೆ ಎಂಟು ಗಜವಾಗುತ್ತದೆ. ಆದರೆ ಎರಡಕ್ಕೂ ಅಂಚು ಕೆಳಗೆ ಬರಬೇಕಾದರೆ ಒಂದು ಪಟ್ಟಿಯನ್ನು ತಿರುಗಿಸಲೇಬೇಕು. ಗೆರೆಗಳು ನಡುವಿನಿಂದ ಎರಡೂ ಕಡೆ ಕನ್ನಡಿಯಂತೆ ಒಂದೇ ಇದ್ದರೆ ತೊಂದರೆಯಿಲ್ಲ. ಬುಕಾನನ್ ಟಾರ್ಟನ್ ಹಾಗಲ್ಲ. ತಿರುಗಿಸಿದರೆ ಗೆರೆಯ ಸರದಿಯೇ ಉಲ್ಟಾ ಆಗುತ್ತದೆ. ಅಂಥದ್ದನ್ನು ಇಷ್ಟಪಟ್ಟಿದ್ದರೆ ಸೀಳದೆ, ಸಣ್ಣ ಪನ್ನದಲ್ಲಿ ನೇಯ್ದ ಬಟ್ಟೆಯನ್ನೇ ಕೇಳಿ.

ತೂಕವನ್ನು ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುತ್ತಾರೆ. 10–11 ಹಗುರ, 13 ಮಧ್ಯಮ, 16 ಭಾರ. ಸ್ಕಾಟ್ಲೆಂಡಿನ ಚಳಿಗಾಳಿಯಲ್ಲಿ ಉಡುವವರಿಗೆ ನಾನು 16 ಹೇಳುತ್ತೇನೆ, ಅದರ ನಿರಿಗೆ ಕತ್ತಿಯ ಹಾಗೆ ನಿಲ್ಲುತ್ತದೆ. ನಮ್ಮೂರ ಬಿಸಿಲಲ್ಲೂ ಒಮ್ಮೊಮ್ಮೆ ಉಡುವುದಿದ್ದರೆ 13. ಅದಕ್ಕಿಂತ ಹಗುರ ಬೇಡ.

ಉಣ್ಣೆ ಹೌದೋ ಅಲ್ಲವೋ ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ. ಹುಡುಗ ಮೊದಲು ಯಾವುದೋ ಅಂಗಡಿಯಿಂದ ಅಗ್ಗದ ಸಿದ್ಧ ಕಿಲ್ಟ್ ತರಿಸಿದ್ದ, ಒಂದು ಸಂಜೆ ಕೂತೆದ್ದದ್ದಕ್ಕೇ ನಿರಿಗೆ ಬಿಚ್ಚಿಕೊಂಡಿತ್ತು. ಅಂಗೈಯಗಲದ ತುಣುಕು ತರಿಸಿಕೊಳ್ಳಿ. ಮುಷ್ಟಿಯಲ್ಲಿ ಹಿಂಡಿ ಬಿಡಿ. ಒಳ್ಳೆಯ ಉಣ್ಣೆ ಕಣ್ಣೆದುರೇ ಅರಳಿ ಸುಕ್ಕು ಬಿಡುತ್ತದೆ. ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಈಗ ಹೆಸರು, ಬಣ್ಣ. ಮನೆತನದ ಟಾರ್ಟನ್ ಆ ಮನೆತನದವರೇ ಉಡಬೇಕೆಂಬ ಕಾನೂನಿಲ್ಲ, ಆದರೂ ಇನ್ನೊಬ್ಬರ ಮನೆಯ ಗುರುತನ್ನು ಗೊತ್ತಿದ್ದು ಉಡುವುದು ಮರ್ಯಾದೆ. ಬಾಲ್ಮೋರಲ್ ಮಾತ್ರ ರಾಜಮನೆತನಕ್ಕೆ ಮೀಸಲು, ಅದನ್ನು ಬಿಡಿ. ಎಲ್ಲರೂ ಉಡುವಂಥದ್ದು ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್, ಊರುಗಳ ಹೆಸರಿನವು. 2009ರಿಂದ ಸ್ಕಾಟ್ಲೆಂಡ್ ಸರ್ಕಾರದ ಟಾರ್ಟನ್ ನೋಂದಣಿ ಇದೆ, ಹೆಸರು ಹಾಕಿ ಹುಡುಕಬಹುದು. ಹೆಸರಿನ ಜೊತೆ ಮಾಡರ್ನ್ ಅಂತಿದ್ದರೆ ಗಾಢ ಬಣ್ಣ, ಏನ್ಷಿಯಂಟ್ ಅಂದರೆ ತಿಳಿ ಬಣ್ಣ, ವೆದರ್ಡ್ ಅಂದರೆ ಮಾಸಿದ ಕಂದು ಛಾಯೆ. ಗೆರೆಯ ಲೆಕ್ಕ ಮೂರರಲ್ಲೂ ಒಂದೇ.

ಹುಡುಗ ಬ್ಲ್ಯಾಕ್ ವಾಚ್ ಆರಿಸಿದ. ಕಡು ಹಸಿರು, ನೀಲಿ, ಕಪ್ಪು. ಟಾರ್ಟನ್ ಉಡುಪಿಗೆ 1746ರ ಕಾಯ್ದೆ ನಿಷೇಧ ಹಾಕಿ 1782ರವರೆಗೆ ತಡೆದಿದ್ದಾಗಲೂ ಸೈನ್ಯದ ಮೈಮೇಲೆ ಉಳಿದ ಬಟ್ಟೆ ಅದು. ಪಾರ್ಸಲ್ ಬಂದ ದಿನ ಅಪ್ಪ ಕನ್ನಡಕ ಏರಿಸಿ ಅಂಚಿನ ಮೇಲೆ ಉಗುರು ಎಳೆದು ನೋಡಿದರು, ಹೊಕ್ಕಿನ ಎಳೆ ಎಲ್ಲೂ ಜಗ್ಗಿರಲಿಲ್ಲ. ನಾನು ಹತ್ತು ಕಡೆ ಸುತ್ತು ಅಳೆದೆ, ಎಲ್ಲ ಕಡೆಯೂ ಅಷ್ಟೇ ಬಂತು. ಆಮೇಲೇ ಕತ್ತರಿ ತೆಗೆದದ್ದು.