ಬಾನ್ಸ್ಕಾ ಷ್ಟ್ಯಾವ್ನಿತ್ಸಾಗೆ ಹೋದರೆ ಮೊದಲು ಗಣಿಗೆ ಇಳಿಯಿರಿ

ಸ್ಲೋವಾಕಿಯಾದ ಈ ಪುಟ್ಟ ಊರಿಗೆ ಬರುವ ಎಷ್ಟೋ ಜನ ಎರಡು ಕೋಟೆ ನೋಡಿ, ಕಾಫಿ ಕುಡಿದು, ಸಂಜೆಯೇ ವಾಪಸ್ ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಉಳಿಯಿರಿ. ಬ್ರಾತಿಸ್ಲಾವಾದ ನಮ್ಮ ಮನೆಗೆ ಯಾರು ಬಂದರೂ ನಾನು ಹೇಳುವುದು ಇದನ್ನೇ.

ಹ್ರೊನ್ಸ್ಕಾ ದೂಬ್ರವಾ ಎಂಬ ರೈಲು ಜಂಕ್ಷನ್ನಿನಿಂದ ಸಣ್ಣ ರೈಲು ಹಿಡಿಯಿರಿ. ಕಾಡಿನ ನಡುವೆ ಹತ್ತುತ್ತಾ ಹೋಗುವ ಹಾದಿ ಅದು. ಸ್ಟೇಷನ್ ಊರಿನ ಕೆಳಗಿದೆ, ಬೀದಿಗಳೆಲ್ಲ ಕಲ್ಲು ಹಾಸಿದ ಏರು. ಒಳ್ಳೆ ಶೂ ಇರಲಿ.

ಬೆಳಗ್ಗೆ ಎದ್ದು ಮೊದಲು ಊರ ಹೊರಗಿನ ಗಣಿ ಮ್ಯೂಸಿಯಂಗೆ ಹೋಗಿ. ಕೋಟು, ಹೆಲ್ಮೆಟ್, ದೀಪ ಕೊಟ್ಟು ಗೈಡ್ ಜೊತೆ ಕೆಳಗೆ ಕಳಿಸುತ್ತಾರೆ. ಬೇಸಿಗೆಯಲ್ಲೂ ಒಳಗೆ ಚಳಿ, ಸ್ವೆಟರ್ ಬೇಕೇ ಬೇಕು. ಕೆಲವು ಕಡೆ ಸುರಂಗ ಎಷ್ಟು ತಗ್ಗು ಅಂದರೆ, ಬಗ್ಗಿ ನಡೆದರೂ ಹೆಲ್ಮೆಟ್ ಬಂಡೆಗೆ ಟಕ್ ಅಂತ ತಾಗುತ್ತದೆ. ಬೆಳ್ಳಿಗಾಗಿ ತೋಡಿದ ಊರು ಇದು. 1627ರಲ್ಲಿ ಇಲ್ಲಿನ ಗಣಿಯಲ್ಲಿ ಸಿಡಿಮದ್ದು ಇಟ್ಟು ಬಂಡೆ ಒಡೆದರು. ಅಲ್ಲಿ ಗೋಡೆ ಮುಟ್ಟಿ ನೋಡಿ, ಒದ್ದೆ. ಆಳಕ್ಕೆ ಹೋದಷ್ಟೂ ನೀರು ತುಂಬುತ್ತಿತ್ತು.

ಅದನ್ನು ಎತ್ತಿ ಹಾಕುವ ಪಂಪ್ ತಿರುಗಿಸಲು ಮತ್ತೆ ಹರಿಯುವ ನೀರಿನ ಬಲವೇ ಬೇಕಲ್ವಾ? ಅದಕ್ಕೇ 18ನೇ ಶತಮಾನದಲ್ಲಿ ಹೆಲ್ ಮತ್ತು ಮಿಕೊವೀನಿ ಎಂಬ ಇಂಜಿನಿಯರುಗಳು ಸುತ್ತಲಿನ ಬೆಟ್ಟಗಳಲ್ಲಿ ಕೆರೆ, ಕಾಲುವೆಗಳ ಜಾಲ ಕಟ್ಟಿಸಿದರು. ಒಟ್ಟು ಸುಮಾರು 60 ಕೆರೆ ಕಟ್ಟಿದ್ದರು, ಈಗ ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಊರವರು ಅವಕ್ಕೆ ತಾಯ್ಖಿ ಅನ್ನುತ್ತಾರೆ. ಗಣಿ ನೋಡದೆ ಹೋದರೆ ಅವು ಸುಮ್ನೆ ಚೆಂದದ ಕೆರೆಗಳು, ಅಷ್ಟೇ. ನೋಡಿ ಹೋದರೆ ಒಂದೊಂದು ಏರಿಯ ಮೇಲೂ ನಿಂತು ನೋಡುತ್ತೀರಿ. 1993ರಲ್ಲಿ ಯುನೆಸ್ಕೋ ಊರಿನ ಜೊತೆ ಈ ಗಣಿ ಕಾಮಗಾರಿಗಳನ್ನೂ ಸೇರಿಸಿಯೇ ಪಟ್ಟಿಗೆ ತೆಗೆದುಕೊಂಡಿತು.

ಮಧ್ಯಾಹ್ನ ಕೋಟೆಗಳು. ಹಳೆಯ ಕೋಟೆ ಮೊದಲು ಚರ್ಚ್ ಆಗಿತ್ತು, ತುರ್ಕರ ಭಯಕ್ಕೆ 16ನೇ ಶತಮಾನದಲ್ಲಿ ಕೋಟೆ ಮಾಡಿದರು. ಹೊಸ ಕೋಟೆ 1571ರಲ್ಲಿ ಮುಗಿದ ಬಿಳಿ ಕಾವಲುಗೋಪುರ, ನಾಲ್ಕು ಮೂಲೆಗೂ ಗುಂಡನೆಯ ಬುರುಜು. ಸಮಯ ಕಡಿಮೆಯಿದ್ದರೆ ಹಳೆಯದನ್ನೇ ನೋಡಿ. ಸೋಮವಾರ ಮ್ಯೂಸಿಯಂಗಳು ಮುಚ್ಚಿರುವುದುಂಟು, ಮೊದಲೇ ವಿಚಾರಿಸಿ. ಊಟಕ್ಕೆ ಬ್ರಿಂಜೊವೆ ಹಲುಷ್ಕಿ ಹೇಳಿ, ಆಲೂಗಡ್ಡೆ ಹಿಟ್ಟಿನ ಸಣ್ಣ ಕಡುಬಿಗೆ ಕುರಿ ಹಾಲಿನ ಚೀಸ್ ಕಲಸಿದ್ದು. ಮೇಲೆ ಹಂದಿ ಕೊಬ್ಬಿನ ಹುರಿದ ಚೂರು ಉದುರಿಸುತ್ತಾರೆ. ಸಸ್ಯಾಹಾರಿಗಳು 'ಬೆಸ್ ಸ್ಲಾನಿನಿ' ಎಂದು ಮೊದಲೇ ಹೇಳಬೇಕು.

ಮರುದಿನ ಪೊಚೂವದ್ಲೊ ಕೆರೆ. ಬೇಸಿಗೆಯಾದರೆ ಈಜಬಹುದು. ಅಲ್ಲಿಂದಲೇ 1009 ಮೀಟರಿನ ಸಿಟ್ನೊ ಬೆಟ್ಟಕ್ಕೆ ಕಾಲುದಾರಿ ಇದೆ. ಕೆರೆಯ ಕಡೆ ಬಸ್ ಕಡಿಮೆ, ವಾಪಸ್ ಬಸ್ಸಿನ ಸಮಯ ಇಳಿಯುವಾಗಲೇ ನೋಡಿಕೊಳ್ಳಿ.